ತಾತ ಕುಯ್ದಿಟ್ಟ ಈಚಲ ಗರಿ

ನಾನು ಚಿಕ್ಕವನಿದ್ದಾಗ ವಕ್ಕಲೇರಿ ಸುತ್ತಿನ ಹಳ್ಳಿಗಳಲ್ಲಿ ಯಾವ ಗಂಡಸೂ ಬರಿದಲೆಯಲ್ಲಿ ಹೊಲಕ್ಕೆ ಹೋಗುತ್ತಿರಲಿಲ್ಲ. ನಮ್ಮ ಬೇಸಿಗೆ ಹೇಗಿರುತ್ತದೆಂದು, ಮಕ್ಕಳೇ, ರಜೆಗೆ ಬಂದಾಗ ನೀವೇ ನೋಡಿದ್ದೀರಿ. ಹೆಚ್ಚಿನವರು ತಲೆಗೆ ಟವಲು ಸುತ್ತುತ್ತಿದ್ದರು. ನಮ್ಮ ತಾತ ಮಾತ್ರ ತಾನೇ ಹೆಣೆದ ಈಚಲು ಗರಿಯ ಟೋಪಿ ಹಾಕುತ್ತಿದ್ದ. ಟೋಪಿ ಹಾಕುವುದು ಎಂದ ಕೂಡಲೇ ನೀವು ಕಿಸಕ್ಕನೆ ನಗುತ್ತೀರಿ, ಗೊತ್ತು. ಯಾರಿಗೂ ಮೋಸ ಮಾಡದ ಟೋಪಿ ಇದು. ಸುಮ್ಮನೆ ಕೇಳಿ.

ಆ ಟೋಪಿಗೆ ಬಣ್ಣವಿರಲಿಲ್ಲ, ಪಟ್ಟಿಯಿರಲಿಲ್ಲ. ಕುಯ್ಲು ಮುಗಿದ ರಾಗಿ ಹೊಲದ ಬಣ್ಣವೇ ಅದರ ಬಣ್ಣ. ತಾತ ಕೆರೆ ಏರಿಯ ಕೆಳಗಿನ ಈಚಲ ಮರಗಳಿಂದ ಎಳೆ ಗರಿ ಕುಯ್ದು, ಮುಳ್ಳು ಕಳೆದು, ನೆರಳಿನಲ್ಲಿ ಒಣಗಿಸಿ, ಕಟ್ಟು ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದ. ಹಸಿ ಗರಿಯಲ್ಲಿ ಹೆಣೆದರೆ ಒಣಗಿದ ಮೇಲೆ ಸಂದು ಬಿಡುತ್ತದೆ. ತೀರ ಒಣಗಿದ್ದರಲ್ಲಿ ಹೆಣೆದರೆ ಮುರಿಯುತ್ತದೆ. ಅದಕ್ಕೇ ಒಣಗಿದ ಗರಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಮೆದುವಾದ ಮೇಲೆ ಉದ್ದಕ್ಕೆ ಜಡೆ ಹೆಣೆದು, ಆ ಜಡೆಯನ್ನು ನೆತ್ತಿಯಿಂದ ಶುರುಮಾಡಿ ಸುತ್ತು ಸುತ್ತಾಗಿ ಕತ್ತಾಳೆ ನಾರಿನಿಂದ ಹೊಲಿಯಬೇಕು. ಇದನ್ನೆಲ್ಲ ತಾತ ಅಕ್ಕನಿಗೆ ಕಲಿಸಿದ್ದ. ನನಗೆ ಕಲಿಸಲಿಲ್ಲ. ನನ್ನ ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ.

“ನೋಡಿದೋರು ಟೋಪಿ ಚೆನ್ನಾಗೈತೆ ಅನ್ನಬಾರ್ದು ಕಣೇ, ಮೊಕ ಚೆನ್ನಾಗೈತೆ ಅನ್ನಬೇಕು” ಎಂದು ತಾತ ಅಕ್ಕನಿಗೆ ಹೇಳುತ್ತಿದ್ದ.

ಒಂದು ಬೇಸಿಗೆಯಲ್ಲಿ ತಾತ ತೀರಿಕೊಂಡ. ಅವನ ಟೋಪಿಯನ್ನೂ ಅವನ ಜೊತೆಯಲ್ಲೇ ಕಳಿಸಿದರು. ನಮ್ಮ ಮನೆಯ ಪದ್ಧತಿಯಂತೆ ಮೂರನೆಯ ದಿನ, ಹಾಲುತುಪ್ಪ ಬಿಟ್ಟು ಬಂದ ಮೇಲೆ, ಅಪ್ಪ ತಲೆ ಬೋಳಿಸಿಕೊಂಡ. ಹನ್ನೊಂದನೆಯ ದಿನ ಅಮ್ಮನ ಅಣ್ಣ ಬಂದು ಹೊಸ ರುಮಾಲು ಸುತ್ತುವವರೆಗೆ ಅಪ್ಪ ತಲೆಗೆ ಬಟ್ಟೆ ಕಟ್ಟುವಂತಿರಲಿಲ್ಲ. ಅಪ್ಪನ ತಲೆಯನ್ನು ನಾನು ಹಾಗೆ ಕಂಡದ್ದು ಅದೇ ಮೊದಲು. ಮುಖವೆಲ್ಲ ಕಪ್ಪು, ನೆತ್ತಿ ಮಾತ್ರ ಎಳೆಮಗುವಿನದರಂತೆ ಬೆಳ್ಳಗಿತ್ತು. ನೋಡಿದರೆ ನನಗೆ ಅಳು ಬರುತ್ತಿತ್ತು.

ಮನೆಯಲ್ಲಿ ಸಾವಾಯಿತೆಂದು ಪೈರು ಕಾಯುವುದಿಲ್ಲ. ಬದನೆ ಸಸಿ ನೆಟ್ಟು ವಾರವೂ ಆಗಿರಲಿಲ್ಲ. ಕಪಿಲೆ ಬಾವಿ ಮೂರು ಮನೆಯವರದು. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಹಗ್ಗಕ್ಕೆ ಕಟ್ಟಿದ ತೊಗಲಿನ ಬಾನಿ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ನಮ್ಮ ಪಾಳಿ ಬರುತ್ತಿದ್ದದ್ದು ಸೂರ್ಯ ನೆತ್ತಿಗೇರಿದ ಹೊತ್ತಿಗೆ. ಪಾಳಿ ಬದಲಿಸಿ ಎಂದು ಕೇಳಲು ಅಪ್ಪನಿಗೆ ಮನಸ್ಸು ಬರಲಿಲ್ಲ. ಉಳಿದಿಬ್ಬರ ಪೈರೂ ಬಾಡುತ್ತಿತ್ತು.

ನಮಗೆ ಹೆದರಿಕೆ ಇದ್ದದ್ದು ಬೇರೆ ಕಾರಣಕ್ಕೆ. ಹಿಂದಿನ ಬೇಸಿಗೆಯಲ್ಲಿ, ತಲೆಗೆ ಟವಲು ಸುತ್ತಿದ್ದರೂ, ಬಿಸಿಲು ಬಡಿದು ಅಪ್ಪ ಬಾವಿಯ ಕಟ್ಟೆಯ ಹತ್ತಿರವೇ ಕುಸಿದಿದ್ದ. ಒಂದು ಮಾರು ಆಚೆಗೆ ಬಿದ್ದಿದ್ದರೆ ಬಾವಿಯೊಳಗೇ ಬೀಳುತ್ತಿದ್ದ. ತಲೆಗೆ ಬಿಸಿಲು ತಾಗಿಸಬೇಡಿ ಎಂದು ಕೋಲಾರದ ಡಾಕ್ಟರು ಅಮ್ಮನಿಗೆ ಎರಡೆರಡು ಸಲ ಹೇಳಿ ಕಳಿಸಿದ್ದರು.

ಐದನೆಯ ದಿನ ಕಪಿಲೆ ಹೊಡೆದು ಬಂದ ಅಪ್ಪ ಬಾಗಿಲು ಕಾಣದೆ ಗೋಡೆ ತಡವಿಕೊಂಡು ನಿಂತ. ನೆತ್ತಿಯ ತುಂಬ ಬೊಬ್ಬೆ ಎದ್ದಿತ್ತು. ಅಮ್ಮ ಲೋಳೆಸರ ಕುಯ್ದು ತಂದು ಹಚ್ಚಿದಳು. ಅಕ್ಕ ಅಟ್ಟ ಹತ್ತಿ, ತಾತ ಕಟ್ಟಿಟ್ಟಿದ್ದ ಕೊನೆಯ ಕಟ್ಟು ಗರಿ ಇಳಿಸಿ, ಗೋಣಿ ಒದ್ದೆ ಮಾಡಿ ಸುತ್ತಿಟ್ಟಳು.

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಅವಳು ಹಿತ್ತಲಿನಲ್ಲಿ ಕೂತು ಜಡೆ ಹೆಣೆಯುತ್ತಿದ್ದಳು. ಒದ್ದೆ ಗರಿಯ ವಾಸನೆ, ಹೊಸ ಮಳೆ ಬಿದ್ದ ಹುಲ್ಲಿನ ವಾಸನೆಯಂತೆ, ಕೊಟ್ಟಿಗೆಯವರೆಗೂ ಹರಡಿತ್ತು. ಗರಿಯ ಅಂಚು ಕುಯ್ದು ಅವಳ ಬೆರಳುಗಳಲ್ಲಿ ರಕ್ತ ಒಸರುತ್ತಿತ್ತು. ಅರಿಸಿನ ಒತ್ತಿಕೊಂಡು ಮತ್ತೆ ಹೆಣೆಯುತ್ತಿದ್ದಳು. ಅಪ್ಪನ ತಲೆಯ ಅಳತೆ ಬೇಕಾಗಿತ್ತು. ನನ್ನ ಕೈಗೆ ಒಂದು ಗರಿ ಕೊಟ್ಟು ಕಳಿಸಿದಳು. ಅಪ್ಪ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ನಾನು ಹಿಂದಿನಿಂದ ಮೆಲ್ಲಗೆ ಗರಿ ಸುತ್ತಿದೆ.

“ಏನ್ಲಾ ಅದು?”

“ಇರುವೆ ಇತ್ತು, ಅಪ್ಪ.”

“ಬೋಳುತಲೇಲಿ ಇರುವೆಗೇನ್ಲಾ ಕೆಲ್ಸ?” ಎಂದ. ಕಣ್ಣು ತೆರೆಯಲಿಲ್ಲ. ಆದರೆ ಅವನ ತುಟಿ ಸ್ವಲ್ಪ ಅಲುಗಿತು. ಅಳತೆಯ ಜಾಗಕ್ಕೆ ಗಂಟು ಹಾಕಿಕೊಂಡು ನಾನು ಓಡಿಬಂದು, ಇರುವೆಯ ಮಾತನ್ನು ಅಕ್ಕನಿಗೂ ಹೇಳಿದೆ.

ಪಾಳಿಯ ಹೊತ್ತಿಗೆ ಟೋಪಿ ಮುಗಿಯಿತು. ಅಂಚು ಇನ್ನೂ ತೇವವಾಗಿತ್ತು. ಅಕ್ಕ ಅದನ್ನು ಅಂಗಳಕ್ಕೆ ತಂದು ಅಪ್ಪನ ಮುಂದೆ ಹಿಡಿದಳು. ಅಲ್ಲೇ ಕೂತಿದ್ದ ಚಿಕ್ಕತಾತ, ಎಂದರೆ ತಾತನ ತಮ್ಮ, ಬೇಡವೆಂದು ತಲೆಯಾಡಿಸಿದ.

“ಹನ್ನೊಂದು ದಿನ ತಡ್ಕೊಳ್ಳಕ್ಕಾಗಲ್ವೇನಪ್ಪ? ನಮ್ಮಪ್ಪ ಹೋದಾಗ ನಾವು ತಡ್ಕೊಳ್ಳಿಲ್ವ?”

ಚಿಕ್ಕತಾತ ಕೆಟ್ಟವನಲ್ಲ. ಅಣ್ಣನಿಗೆ ಸಲ್ಲಬೇಕಾದ್ದು ಸರಿಯಾಗಿ ಸಲ್ಲಲಿ ಎನ್ನುವುದಷ್ಟೇ ಅವನ ಆಸೆ. ಅಪ್ಪ ಟೋಪಿಯನ್ನು ಅಕ್ಕನ ಕೈಗೇ ತಿರುಗಿ ಕೊಟ್ಟು “ಬ್ಯಾಡ ಬಿಡವ್ವ” ಎಂದು ಎತ್ತುಗಳ ಹಗ್ಗ ಬಿಚ್ಚಲು ಹೋದ. ಅಕ್ಕ ಅಳಲಿಲ್ಲ. ಕುಯ್ದುಹೋದ ಬೆರಳುಗಳನ್ನು ಲಂಗದಲ್ಲಿ ಮುಚ್ಚಿಕೊಂಡಳು. ಆಗ ನನಗೆ ಚಿಕ್ಕತಾತನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಈಗಲೂ ಹೇಳಲು ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಬಂದಳು. ತಾತ ಹೋದಾಗಿನಿಂದ ಅಜ್ಜಿ ನಡುಮನೆಯ ಮೂಲೆ ಬಿಟ್ಟು ಎದ್ದಿರಲಿಲ್ಲ, ಯಾರ ಜೊತೆಗೂ ಮಾತಾಡಿರಲಿಲ್ಲ. ಹೊಸ್ತಿಲಿನ ಒಳಗೇ ನಿಂತು ಕೈ ಚಾಚಿದಳು. ಅಕ್ಕ ಟೋಪಿ ಕೊಟ್ಟಳು. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮೂಗಿಗೆ ಹಿಡಿದಳು.

“ಯಾರು ಕುಯ್ದಿದ್ದು ಈ ಗರಿ?”

“ತಾತ” ಎಂದಳು ಅಕ್ಕ.

ಅಜ್ಜಿ ಚಿಕ್ಕತಾತನ ಕಡೆ ತಿರುಗಿದಳು. “ಬಟ್ಟೆ ಕಟ್ಟಬಾರ್ದು ಅಂದವ್ರೆ ದೊಡ್ಡೋರು. ಇದು ಬಟ್ಟೆ ಅಲ್ಲ. ನಿಮ್ಮಣ್ಣ ಕುಯ್ದು ಒಣಗಿಸಿದ್ದು. ಅಪ್ಪನ ಕೈ ಮಗನ ತಲೆ ಮೇಲಿದ್ರೆ ಯಾವ ಶಾಸ್ತ್ರ ಕೆಡ್ತದೆ, ನೀನೇ ಹೇಳಪ್ಪ.”

ಚಿಕ್ಕತಾತ ಎದ್ದು ಹೊಸ್ತಿಲ ಹತ್ತಿರ ಬಂದು ಗರಿ ಮುಟ್ಟಿ ನೋಡಿದ. ಆಮೇಲೆ “ಹಾಕು ಅತ್ತಿಗೆ” ಎಂದ.

“ಬಾ ನಾಯ್ನಾ” ಎಂದು ಅಜ್ಜಿ ಅಪ್ಪನನ್ನು ಕರೆದಳು. ಅಪ್ಪನನ್ನಾಗಲಿ ಮಗನನ್ನಾಗಲಿ ಮುದ್ದಿನಿಂದ ಕರೆಯುವ ತೆಲುಗು ಮಾತು ಅದು. ಅಜ್ಜಿ ಕುಳ್ಳಿ. ಅಪ್ಪ ಹೊಸ್ತಿಲ ಹೊರಗೆ ನಿಂತು ಬಗ್ಗಿದ. ಟೋಪಿ ಇಟ್ಟಾದ ಮೇಲೂ ಅವನು ತಲೆ ಎತ್ತಲಿಲ್ಲ, ಹಾಗೇ ಬಗ್ಗಿ ನಿಂತಿದ್ದ. ಅಜ್ಜಿಯ ಕೈಯೂ ಟೋಪಿಯ ಮೇಲೇ ಇತ್ತು.

ಆ ಮಧ್ಯಾಹ್ನ ನಾನೂ ಅಕ್ಕನೂ ಬಾವಿಯ ಹತ್ತಿರ ಹುಣಸೆ ಮರದಡಿ ಕೂತು ಅಪ್ಪನನ್ನೇ ನೋಡುತ್ತಿದ್ದೆವು. ಗರಿಯ ಸಂದಿನಿಂದ ಬಿದ್ದ ಬಿಸಿಲ ಚುಕ್ಕಿಗಳು ಅವನ ಕೆನ್ನೆಯ ಮೇಲೆ ಓಡಾಡುತ್ತಿದ್ದವು. ಅಷ್ಟು ದಿನ ಬಾಯಿ ಬಿಗಿದುಕೊಂಡು ಕಪಿಲೆ ಹೊಡೆಯುತ್ತಿದ್ದ ಅಪ್ಪ ಅವತ್ತು ಎತ್ತುಗಳ ಜೊತೆ ಮತ್ತೆ ಮಾತಾಡಿದ. ತಾತನ ಮಾತು ನಿಜವಾಗಿತ್ತು. ನಾವು ನೋಡಿದ್ದು ಟೋಪಿಯನ್ನಲ್ಲ, ಮುಖವನ್ನು.

ಎಷ್ಟೋ ವರ್ಷದ ಮೇಲೆ ಅಪ್ಪನೂ ಒಂದು ಬೇಸಿಗೆಯಲ್ಲೇ ಹೋದ. ಮದುವೆಯಾಗಿ ಮುಳಬಾಗಿಲು ಸೇರಿದ್ದ ಅಕ್ಕ ಬಸ್ಸಿನಿಂದ ಇಳಿದಾಗ ಅವಳ ಚೀಲದಲ್ಲಿ ಈಚಲ ಗರಿಯಿತ್ತು. ಅದು ಅಪ್ಪ ಕುಯ್ದು ಒಣಗಿಸಿ ಅವಳ ಕೈಗೆ ಕೊಟ್ಟಿಟ್ಟಿದ್ದ ಗರಿ. ನನ್ನ ಬೋಳುತಲೆಯ ಅಳತೆಯನ್ನು ಅವಳೇ ತೆಗೆದಳು. ಇರುವೆ ಇತ್ತು ಎಂದು ಇಬ್ಬರೂ ಹೇಳಲಿಲ್ಲ, ಇಬ್ಬರಿಗೂ ನೆನಪಿತ್ತು.

ಮಕ್ಕಳೇ, ನಿಮ್ಮ ಟೋಪಿಗಳು ಚೆನ್ನಾಗಿವೆ. ಹಿಂದೆ ಒಂದು ಪಟ್ಟಿ ಎಳೆದರೆ ಯಾರ ತಲೆಗೆ ಬೇಕಾದರೂ ಕೂರುತ್ತವೆ. ಮೊನ್ನೆ ಕೋಲಾರದಲ್ಲಿ ಆಟೋದಲ್ಲೇ ಒಂದನ್ನು ಬಿಟ್ಟು ಬಂದಾಗ “ಇನ್ನೊಂದು ತಗೊಂಡ್ರಾಯ್ತು ಬಿಡಿ ತಾತ” ಎಂದಿರಿ. ಅದೇನೂ ತಪ್ಪು ಮಾತಲ್ಲ. ಅಂಗಡಿಯಲ್ಲಿ ಇನ್ನೊಂದು ಖಂಡಿತ ಇರುತ್ತದೆ.

ಅಟ್ಟದ ಮೇಲೆ ನಾನು ಈ ವರ್ಷ ಕುಯ್ದು ಒಣಗಿಸಿದ ಒಂದು ಕಟ್ಟು ಗರಿ ಇದೆ. ಅದನ್ನು ಆಟಕ್ಕೆ ಇಳಿಸಬೇಡಿ. ಅದು ನಿಮ್ಮಪ್ಪನ ತಲೆಗೆ. ಅಕ್ಕ ಮುಂದಿನ ವಾರ ಬರುತ್ತಾಳೆ. ಅವಳ ಕಣ್ಣು ಮಂಜಾಗಿದೆ, ಬೆರಳು ಇನ್ನೂ ಮರೆತಿಲ್ಲ. ನಿಮ್ಮಲ್ಲಿ ಯಾರ ಕೈ ಒಂದು ಕಡೆ ನಿಲ್ಲುತ್ತದೋ ಅವರು ಅವಳ ಪಕ್ಕ ಕೂತು ಕಲಿಯಿರಿ. ಯಾವಾಗ ಬೇಕಾಗುತ್ತದೆ ಎಂದು ಮಾತ್ರ ನನ್ನನ್ನು ಕೇಳಬೇಡಿ.