ನಿಲ್ಲಿಸದೆ ಬದಲಿಸಿದ ಒಂದು ಬೈಟ್

2005ರಲ್ಲಿ ನಾನು ಬ್ರಹ್ಮಾವರದ ಒಂದು ಸಣ್ಣ ಕಂಪ್ಯೂಟರ್ ಸಂಸ್ಥೆಯಲ್ಲಿ ಸಿಸ್ಟಮ್ಸ್ ಇಂಜಿನಿಯರ್ ಆಗಿದ್ದೆ. ಸಾಲಿಗ್ರಾಮದಿಂದ ಬೈಂದೂರಿನವರೆಗೆ ಎಲ್ಲಿ ಸರ್ವರ್ ಕೆಟ್ಟರೂ ಬಸ್ಸು ಹತ್ತಬೇಕಾದವಳು ನಾನೇ. ಹೆಂಗಸು ಬಂದಳೆಂದು ಮೊದಲು ಮುಖ ಸಿಂಡರಿಸಿ, ಕೆಲಸ ಮುಗಿದ ಮೇಲೆ ಎಳನೀರು ಕೊಡುವವರು ಎಲ್ಲ ಕಡೆ ಇದ್ದರು. ನಾನು ಸಿಂಡರಿಸಿದ ಮುಖವನ್ನೂ ಲೆಕ್ಕಕ್ಕಿಡಲಿಲ್ಲ, ಎಳನೀರನ್ನೂ ಬಿಡಲಿಲ್ಲ.

ಅದರ ಹಿಂದಿನ ವರ್ಷದ ಜುಲೈಯಲ್ಲಿ ಗಂಗೊಳ್ಳಿಯ ಕೆಲವು ಬೋಟ್ ಮಾಲೀಕರು ಸೇರಿ ಒಂದು ಹೊಸ ವ್ಯವಸ್ಥೆ ಹಾಕಿಸಿಕೊಂಡಿದ್ದರು. ಪ್ರತಿ ಬೋಟಿನಲ್ಲಿ ಕೀಲಿಗಳಿರುವ ಒಂದು ರೇಡಿಯೊ ಪೆಟ್ಟಿಗೆ. ಬೋಟಿನ ಮುಖ್ಯಸ್ಥನಾದ ತಾಂಡೇಲ ಜಿಪಿಎಸ್ ನೋಡಿ ತಾನಿರುವ ಜಾಗದ ಅಂಕಿಗಳನ್ನೂ, ಮೀನು ಇದೆಯೋ ಇಲ್ಲವೋ ಎಂಬುದನ್ನೂ, ಏನಾದರೂ ಕೆಟ್ಟರೆ ಅದನ್ನೂ ಒತ್ತಿ ಕಳಿಸಬೇಕು. ದಡದ ಸರ್ವರ್ ಅದನ್ನು ಪಡೆದು 'ಬಂತು' ಎಂಬ ಉತ್ತರ ಕೊಟ್ಟ ಮೇಲೆಯೇ ಪೆಟ್ಟಿಗೆ ಮುಂದಿನ ಸಂದೇಶ ಕಳಿಸುತ್ತದೆ. ಜನರೇಟರ್ ಇದೆ ಎಂಬ ಕಾರಣಕ್ಕೆ ಸರ್ವರನ್ನು ಐಸ್ ಪ್ಲಾಂಟಿನ ಆಫೀಸಿನಲ್ಲಿ ಇಟ್ಟಿದ್ದರು. ಅದರ ಪರದೆ ಮಾಲೀಕರೆಲ್ಲ ಬಂದು ಕುಳಿತು ಚಹಾ ಕುಡಿಯುವ ಬೆಂಚಿಗೆ ಎದುರಾಗಿತ್ತು. ಯಾರ ಬೋಟು ಎಲ್ಲಿದೆ ಎಂದು ಎಲ್ಲರೂ ನೋಡಲಿ ಎಂಬುದು ಆ ಮಾಲೀಕರ ತೀರ್ಮಾನ.

2005ರ ನವೆಂಬರ್ ನಡುವಿನ ಒಂದು ಬೆಳಿಗ್ಗೆ ಅಕಾಲದ ಗಾಳಿಮಳೆ ಹಿಡಿಯಿತು. ಬೋಟುಗಳು ಒಂದೊಂದಾಗಿ ನದಿ ಸಮುದ್ರ ಸೇರುವ ಅಳಿವೆಯೊಳಗೆ ಬಂದವು, ಆದರೆ ಪರದೆಯ ಮೇಲೆ ಬೆಳಿಗ್ಗೆಯಿಂದ ಒಂದು ಸಾಲೂ ಬಂದಿರಲಿಲ್ಲ. ಐಸ್ ಪ್ಲಾಂಟಿನ ಮ್ಯಾನೇಜರ್ ಮೋಹನಣ್ಣ ಫೋನ್ ಮಾಡಿದಾಗ ಎರಡು ಬೋಟು ಬರುವುದು ಬಾಕಿಯಿತ್ತು, ಅವುಗಳಲ್ಲಿದ್ದವರ ಫೋನ್ ಹತ್ತುತ್ತಿರಲಿಲ್ಲ. ಕುಂದಾಪುರದಿಂದ ಗಂಗೊಳ್ಳಿಗೆ ಹೊಳೆ ದಾಟಿಸುವ ದೋಣಿ ನಿಂತಿದ್ದರಿಂದ ತ್ರಾಸಿ ಸುತ್ತಿ ಹೋಗಬೇಕಾಯಿತು. ನಾನು ಮುಟ್ಟುವಾಗ ಆಫೀಸು ಜನರಿಂದ ತುಂಬಿತ್ತು. ಪರದೆಯ ಎದುರಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಬರಬೇಕಾದ ಬೋಟಿನಲ್ಲೊಂದರ ತಾಂಡೇಲ ಶೇಖರನ ಹೆಂಡತಿ ಜಲಜ. ಶೇಖರನ ತಮ್ಮ ಗಣಪನೂ ಅದೇ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ.

ಸರ್ವರ್ ಸತ್ತಿರಲಿಲ್ಲ. ಸಂದೇಶಗಳು ಬರುತ್ತಲೇ ಇದ್ದವು, ಮೆಮೊರಿಯಲ್ಲಿ ಸಾಲುಗಟ್ಟಿ ನಿಂತಿದ್ದವು, ಮುಂದೆ ಹೋಗುತ್ತಿರಲಿಲ್ಲ. ತಡೆದದ್ದು ರೇಡಿಯೊ ಕಾರ್ಡಿನ ಡ್ರೈವರ್. ಅದು ಕರ್ನಲ್‌ನೊಳಗೆ ಓಡುವ ಪ್ರೋಗ್ರಾಮ್. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಯಂತ್ರ ಶುರುವಾದಂದಿನಿಂದ ಕರ್ನಲ್ ಒಂದು ಗಡಿಯಾರದ ಎಣಿಕೆ ಇಟ್ಟುಕೊಂಡಿರುತ್ತದೆ. ಹದಿನಾರು ತಿಂಗಳು ದಾಟಿದಾಗ ಆ ಎಣಿಕೆ ತನ್ನ ಜಾಗ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಡ್ರೈವರ್ ಬರೆದ ಪುಣ್ಯಾತ್ಮ ಇದನ್ನು ಯೋಚಿಸಿರಲಿಲ್ಲ. ಎಣಿಕೆ ಸೊನ್ನೆಗೆ ಬಂದೊಡನೆ, ಸಂದೇಶ ಮುಂದಕ್ಕೆ ಕಳಿಸುವ ಹೊತ್ತು ಇನ್ನೂ ಆಗಿಲ್ಲ ಎಂದು ಅದು ಕಾಯುತ್ತ ಕುಳಿತುಬಿಟ್ಟಿತು. ನಮ್ಮ ಕರಾವಳಿಯ ಕರೆಂಟಿನಲ್ಲಿ ಯಾವ ಯಂತ್ರವೂ ಹದಿನಾರು ತಿಂಗಳು ಒಂದೇ ಸಮ ಓಡುವುದಿಲ್ಲ. ಐಸ್ ಪ್ಲಾಂಟಿನ ಜನರೇಟರಿನ ದೆಸೆಯಿಂದ ಇದು ಓಡಿತ್ತು.

"ಹ್ವಾಯ್, ಒಂದ್ಸಲ ಬಂದ್ ಮಾಡಿ ಶುರು ಮಾಡುಕೆ ಆತ್ತಿಲ್ಯಾ?" ಎಂದು ಮೋಹನಣ್ಣ ಕೇಳಿದರು.

ಆಗುವುದಿಲ್ಲ ಎಂದೆ. ಬಂದ್ ಮಾಡಿದರೆ ಮೆಮೊರಿಯಲ್ಲಿ ನಿಂತ ಸಂದೇಶಗಳೆಲ್ಲ ಅಳಿಸಿಹೋಗುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಹಾರ್ಡ್ ಡಿಸ್ಕ್. ಉಪ್ಪುಗಾಳಿ ತಿಂದು ಅದು ಒಳಗೊಳಗೇ ಕೆಟ್ಟಿತ್ತು, ಒಮ್ಮೆ ನಿಂತರೆ ಮತ್ತೆ ಏಳುವ ನಂಬಿಕೆ ನನಗಿರಲಿಲ್ಲ. ಉಳಿದದ್ದು ಒಂದೇ ದಾರಿ. ಓಡುತ್ತಿರುವ ಕರ್ನಲ್‌ನ ಆಜ್ಞೆಯನ್ನು ಅದು ಓಡುತ್ತಿರುವಾಗಲೇ ಬದಲಿಸಬೇಕು. ಬಾವಿಯಿಂದ ಕೊಡ ಮೇಲೆ ಬರುತ್ತಿರುವಾಗಲೇ ಹಗ್ಗದ ಒಂದು ಎಳೆ ತೆಗೆದು ಬೇರೆ ಹೊಸೆದ ಹಾಗೆ.

ಬದಲಿಸಬೇಕಾದದ್ದು ಒಂದೇ ಬೈಟ್, ಒಂದು ಅಕ್ಷರ ಹಿಡಿಯುವಷ್ಟು ಜಾಗ. ಹೋಲಿಕೆ ಮಾಡುವ ಆಜ್ಞೆಯಲ್ಲಿ 72 ಇದ್ದಲ್ಲಿ 7C ಬಂದರೆ, ಎಣಿಕೆ ಸೊನ್ನೆಗೆ ಬಂದದ್ದನ್ನು ಡ್ರೈವರ್ ಸರಿಯಾಗಿ ಅರ್ಥ ಮಾಡಿಕೊಳ್ಳುತ್ತದೆ. ಆದರೆ ಆ ಯಂತ್ರಕ್ಕೆ ಎರಡು ಪ್ರೊಸೆಸರ್. ಒಂದು ಬರೆಯುವಾಗ ಇನ್ನೊಂದು ಅದೇ ಆಜ್ಞೆಯನ್ನು ಓದುತ್ತಿದ್ದರೆ ಅದು ಏನು ಮಾಡೀತು ಎಂದು ಯಾರೂ ಹೇಳಲಾರರು. ಹಾಗಾಗಿ ಎರಡನೆಯದನ್ನು ಒಂದು ಕ್ಷಣ ಏನೂ ಮಾಡದ ಹಾಗೆ ಹಿಡಿದು ನಿಲ್ಲಿಸಬೇಕು. ಬರೆಯುವ ಜಾಗದಲ್ಲಿ ನಿಜಕ್ಕೂ 72 ಇದೆಯೇ ಎಂದು ಓದಿ ನೋಡಬೇಕು, ಇದ್ದರೆ ಮಾತ್ರ ಬರೆಯಬೇಕು. ಆಮೇಲೆ ಎರಡೂ ಪ್ರೊಸೆಸರ್‌ಗಳು ಮೊದಲೇ ಓದಿಟ್ಟುಕೊಂಡದ್ದನ್ನು ಎಸೆದು ಹೊಸದನ್ನು ಓದುವಂತೆ ಮಾಡಬೇಕು. ಇಷ್ಟು ಮಾಡುವ ಒಂದು ಪುಟ್ಟ ಪ್ರೋಗ್ರಾಮನ್ನು ಅಲ್ಲೇ ಕುಳಿತು ಬರೆದೆ. ಬ್ರಹ್ಮಾವರದ ಆಫೀಸಿನಲ್ಲಿ ಇದೇ ಮಾದರಿಯ ಇನ್ನೊಂದು ಯಂತ್ರವಿತ್ತು. ಅಲ್ಲಿದ್ದ ಸಹೋದ್ಯೋಗಿ ರಮಾನಂದನಿಗೆ ಫೋನಿನಲ್ಲಿ ಸಾಲು ಸಾಲಾಗಿ ಓದಿ ಹೇಳಿದೆ. ಅವನು ಓಡಿಸಿದ ಕೂಡಲೇ ಆ ಯಂತ್ರ ಕಲ್ಲಾಯಿತು. ಎರಡು ಪ್ರೊಸೆಸರ್‌ಗಳೂ ಒಂದನ್ನೊಂದು ಕಾಯುತ್ತ ನಿಂತುಬಿಟ್ಟಿದ್ದವು. ಕಾಯುವ ಕ್ರಮವನ್ನು ತಿದ್ದಿ ಮತ್ತೆ ಹೇಳಿದೆ. ಈ ಸಲ ನಿಲ್ಲಲಿಲ್ಲ.

ಗಂಗೊಳ್ಳಿಯ ಯಂತ್ರದಲ್ಲಿ ಎಂಟರ್ ಒತ್ತುವ ಮೊದಲು ನಾನು ಜಲಜಳ ಮುಖ ನೋಡಲಿಲ್ಲ. ಹೆದರಿಕೆಯಾಗಿತ್ತು. ಒತ್ತಿದೆ. ಪರದೆ ಒಮ್ಮೆ ತಡೆದು ನಿಂತಂತಾಗಿ, ಮರುಕ್ಷಣ ಸಾಲುಗಳು ಸುರಿಯತೊಡಗಿದವು. ಇನ್ನೊಂದು ಬೋಟಿನ ಇಂಜಿನ್ ಕೆಟ್ಟಿದೆ ಎಂಬ ಸಂದೇಶ ಮರವಂತೆಯ ನೇರದಿಂದ ಬಂದಿತ್ತು. ಶೇಖರನದ್ದೂ ಬಂತು: ನಾವುಂದದ ನೇರಕ್ಕೆ ಸಮುದ್ರದೊಳಗಿನ ಒಂದು ಜಾಗ, ಅದರ ಪಕ್ಕದಲ್ಲಿ 'ಮೀನು ಇಲ್ಲ'. ಜನ ನನ್ನ ಬೆನ್ನು ತಟ್ಟಿದರು. ಎರಡು ದೊಡ್ಡ ಬೋಟುಗಳು ಅಂಕಿ ಬರೆದುಕೊಂಡು ಹೊರಟವು, ಕೋಸ್ಟ್ ಗಾರ್ಡಿಗೂ ಅದೇ ಅಂಕಿ ಹೋಯಿತು. ನನಗೆ ಬಹಳ ಸಂತೋಷವಾಗಿತ್ತು.

ಜಲಜ ಮಾತ್ರ ಎದ್ದು ಬಂದು ಆ ಸಾಲನ್ನು ಓದಿ ಹೇಳಲು ಕೇಳಿದಳು. ಓದಿದೆ.

"ಬೆಳಿಗ್ಗೆ ಫೋನ್ ಮಾಡಿದ್ರ್. ಬಂಗುಡೆ ರಾಶಿ ಬಿದ್ದಿತ್ತ್, ಸಂಜಿಗ್ ಬತ್ತೆ ಅಂದ್ರ್," ಎಂದಳು. "ಮೀನ್ ಇಪ್ಪ ದಿನ ಅವ್ರ್ ನಿಜದ ಜಾಗ ಒತ್ತುದೇ ಇಲ್ಲೆ, ಅಮ್ಮ."

ಸುತ್ತ ನಿಂತ ಮಾಲೀಕರು ಯಾರೂ ಇದನ್ನು ಅಲ್ಲಗಳೆಯಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿ. ಬೆಂಚಿನಲ್ಲಿ ಕುಳಿತವರು ಪರದೆ ನೋಡಿ ತಮ್ಮ ಬೋಟನ್ನು ಅಲ್ಲಿಗೇ ಓಡಿಸುತ್ತಾರೆಂದು, ಮೀನು ಸಿಕ್ಕ ತಾಂಡೇಲರೆಲ್ಲ 'ಇಲ್ಲ' ಎಂದು ಒತ್ತಿ, ಜಾಗದ ಅಂಕಿಗಳನ್ನೂ ತಪ್ಪಿಸುತ್ತಿದ್ದರು. ತಪ್ಪಿಸುವ ಲೆಕ್ಕ ಒಬ್ಬೊಬ್ಬನದು ಒಂದೊಂದು. ಶೇಖರ ಅದನ್ನು ಪ್ರತಿ ಸಲ ಬದಲಿಸುತ್ತಿದ್ದ. ಈ ಸಲದ ಲೆಕ್ಕ ಏನೆಂದು ಕೇಳಿದೆ.

"ಗಣಪಂಗ್ ಮಾತ್ರ ಗೊತ್ತಿತ್ತ್," ಎಂದಳು.

ಫೋನಿನಲ್ಲಿ ಎಲ್ಲಿದ್ದೀರಿ ಎಂದು ಕೇಳಲಿಲ್ಲವೇ ಎಂದು ಯಾರೋ ಹೊರಗಿನವರು ಅಂದರು. ಮೀನಿಗೆ ಹೋದವರನ್ನು ಎಲ್ಲಿ ಎಂದು ಕೇಳುವ ಕ್ರಮ ಅವರ ಮನೆಗಳಲ್ಲಿ ಇಲ್ಲ. ಕೇಳಿದರೆ ಅಪಶಕುನ. ಹುಡುಕಲು ಹೋದ ಬೋಟುಗಳಿಗೆ ಅಂಕಿ ಸುಳ್ಳೆಂದು ತಿಳಿಸಿದೆವು. ತೆಂಕಕ್ಕೋ ಬಡಗಕ್ಕೋ ಎಂದು ಅವರು ಕೇಳಿದರು, ಎರಡೂ ಕಡೆ ನೋಡಿ ಎಂದೆವು.

ಇಂಜಿನ್ ಕೆಟ್ಟ ಬೋಟನ್ನು ಸಂಜೆಯೊಳಗೆ ಎಳೆದು ತಂದರು. ಅವರಿಗೆ ಮೀನು ಸಿಕ್ಕಿರಲಿಲ್ಲ, ಹಾಗಾಗಿ ಅವರ ಅಂಕಿ ಸರಿಯಾಗಿತ್ತು. ಶೇಖರನ ಬೋಟೂ ಅದರಲ್ಲಿದ್ದವರೂ ಸಿಗಲಿಲ್ಲ. ವಾರಗಟ್ಟಲೆ ಹುಡುಕಿದರು, ಒಂದು ಹಲಗೆಯೂ ದಡಕ್ಕೆ ಬರಲಿಲ್ಲ.

ಸರ್ವರ್ ಬದಲಿಸಲು ಹೊಸ ಯಂತ್ರ ಡಿಸೆಂಬರಿನಲ್ಲೇ ಬಂತು. ಆದರೆ ರೇಡಿಯೊ ಕಾರ್ಡನ್ನು ಹೊಸದಕ್ಕೆ ಹಾಕಲು ಹಳೆಯದನ್ನು ಬಂದ್ ಮಾಡಬೇಕಿತ್ತು, ಅದಕ್ಕೆ ಯಾರೂ ಒಪ್ಪಲಿಲ್ಲ. 'ಬಂತು' ಎಂಬ ಉತ್ತರ ಶೇಖರನ ಪೆಟ್ಟಿಗೆಗೆ ಹೋಗಿದೆ, ಇನ್ನೊಂದು ಸಂದೇಶ ಬಂದರೂ ಬರಬಹುದು ಎಂದು ಜಲಜ ದಿನಾ ಬಂದು ಬೆಂಚಿನಲ್ಲಿ ಕೂರುತ್ತಿದ್ದಳು. ಅಷ್ಟು ದಿನ ಆ ಪೆಟ್ಟಿಗೆಯಲ್ಲಿ ಬ್ಯಾಟರಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಎರಡು ಸಲ ಹೋಗಿ ಎರಡು ಸಲವೂ ಕೆಲಸ ಮಾಡದೆ ಹಿಂದೆ ಬಂದೆ.

ಮೂರನೆಯ ಸಲ ಹೋದಾಗ ಅವಳು ಬೆಂಚಿನಿಂದ ಎದ್ದು ನನಗೆ ದಾರಿ ಬಿಟ್ಟಳು.

"ಇನ್ನ್ ಬಂದ್ ಮಾಡಿ, ಅಮ್ಮ," ಎಂದಳು.

ಮಾಡಿದೆ. ಆ ಡಿಸ್ಕ್ ಮತ್ತೆ ಏಳಲಿಲ್ಲ.

ಓಡುವ ಕರ್ನಲನ್ನು ನಿಲ್ಲಿಸದೆ ತಿದ್ದುವ ಬಗೆಯನ್ನು ಆಮೇಲಿನ ವರ್ಷಗಳಲ್ಲಿ ಹಲವರಿಗೆ ಹೇಳಿಕೊಟ್ಟಿದ್ದೇನೆ. ಬದಲಿಸುವ ಮುನ್ನ ಅಲ್ಲಿ ನಿಜಕ್ಕೂ ಏನಿದೆ ಎಂದು ಓದಿ ನೋಡು ಎಂಬುದೇ ಅದರ ಮೊದಲ ನಿಯಮ. ಯಂತ್ರದ ಮಟ್ಟಿಗೆ ಅದನ್ನು ಪಾಲಿಸಬಹುದು. ಮನುಷ್ಯ ಒತ್ತಿದ ಅಂಕಿಯನ್ನು ಓದಿ ನೋಡಲು ಆ ಮನುಷ್ಯನೇ ಬೇಕು. ನನ್ನ ಬೈಟ್ ಸರಿಯಾಗಿತ್ತು. ಆ ಸಮುದ್ರದಲ್ಲಿ ಅದರಿಂದ ಜಲಜಳಿಗೆ ಸಿಕ್ಕಿದ್ದು ಒಂದು ಸುಳ್ಳು ಜಾಗ ಮಾತ್ರ.