ಎಡಕ್ಕೆ ಬೀಳದ ಹೂವು

ತುಮರಿಯ ಮೂಕಮ್ಮ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿಗೆ ಸಾಗರದ ಪೇಟೆಯಲ್ಲೂ ಹೊಸನಗರದ ಪೇಟೆಯಲ್ಲೂ ಗಿರಾಕಿಗಳಿದ್ದರು. ಗಂಡ ತೀರಿಕೊಂಡ ಮೇಲೆ ಅವಳೇ ಕಟ್ಟಿಕೊಂಡ ಬದುಕು ಅದು. ಭರಣಿಗಳನ್ನು ಲಾಂಚಿಗೆ ಹೇರಿ ಹಿನ್ನೀರು ದಾಟಿ, ಆಚೆ ದಡದಲ್ಲಿ ಬಸ್ಸು ಹಿಡಿದು, ಬಾಗಿಲ ಪಕ್ಕದ ಕಂಬಿಗೆ ಆತು ನಿಂತೇ ಪೇಟೆ ಸೇರುತ್ತಿದ್ದಳು. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. "ನಾ ಕೂತ್ರೆ ಭರಣಿ ಕಾಯೋರ್ಯಾರು?" ಅನ್ನುತ್ತಿದ್ದಳು. ಬಾಗಿಲ ಗಾಳಿ ಮುಖಕ್ಕೆ ಬಡಿಯದಿದ್ದರೆ ತನ್ನ ಹೊಟ್ಟೆ ತೊಳಸುತ್ತದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ.

ಸೇತುವೆ ಆಯಿತು. ಲಾಂಚು ಕಾಯುವುದು ತಪ್ಪಿತು. ಸೊಸೆ ಯಶೋಧಾ ಸಾಗರಕ್ಕೆ ಹೋಗಿ ಕಾರು ಬಿಡುವುದು ಕಲಿತು, ಲೈಸನ್ಸು ಮಾಡಿಸಿಕೊಂಡು ಬಂದಳು. ಮಗ ನಾಗೇಂದ್ರನಿಗೆ ಗದ್ದೆ ಬಿಟ್ಟರೆ ಬೇರೆ ಉಸಾಬರಿ ಬೇಡ. "ಅತ್ತೆ ಸೊಸೆ ಎಂತ ಬೇಕಾರೂ ಮಾಡ್ಕಳಿ" ಅಂದ. ಮೂಕಮ್ಮ ಊರಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು: "ಇನ್ಮೇಲೆ ನಾ ಬಸ್ಸಿಗೆ ಕೈ ಅಡ್ಡ ಹಿಡಿಯಲ್ಲ. ನಂದೇ ಕಾರಲ್ಲಿ ಸಾಗರಕ್ಕೆ ಹೋಗೋದು."

ಕಾರು ಸಿಕ್ಕಿದ್ದು ನೆಂಟರಲ್ಲೇ. ಯಶೋಧಾಳ ಚಿಕ್ಕಮ್ಮ ಕನ್ನಮ್ಮನ ಮನೆ ಹುಲಿಕಲ್ಲಿನಲ್ಲಿ. ಅವಳ ಗಂಡ ಮಾಸ್ತಪ್ಪ ಅಲ್ಲಿ ಬಹಳ ಕಾಲ ಬಾಡಿಗೆ ಕಾರು ಓಡಿಸಿದವನು. ಬಸುರಿಯರು, ಬಾಣಂತಿಯರು, ಹಾವು ಕಚ್ಚಿಸಿಕೊಂಡವರು ಎಲ್ಲ ಅವನ ಬಿಳಿ ಕಾರಿನಲ್ಲೇ ಹೊಸನಗರಕ್ಕೋ ತೀರ್ಥಹಳ್ಳಿಗೋ ಹೋಗಿದ್ದರು. ಈಗ ಅವನ ಕಣ್ಣು ಮಂಜಾಗಿತ್ತು, ಡಾಕ್ಟರು ಸ್ಟೇರಿಂಗ್ ಮುಟ್ಟಬೇಡ ಅಂದಿದ್ದರು. ಆದರೂ ದಿನಾ ಬೆಳಿಗ್ಗೆ ಹೋಗಿ ಗಾಜು ಒರೆಸಿ ಬರುತ್ತಿದ್ದ. "ಅದು ಅಂಗಳದಲ್ಲಿ ನಿಂತಿರೋ ತನಕ ಇವ್ರ ಸಂಕಟ ಹೋಗಲ್ಲ ಬೀಗ್ತಿ. ಓಡಿಸೋರ ಕೈಗೆ ಹೋಗ್ಲಿ" ಎಂದಿದ್ದಳು ಕನ್ನಮ್ಮ.

ಅತ್ತೆ ಸೊಸೆ ಹುಲಿಕಲ್ಲಿಗೆ ಹೋದರು. ಮಾಸ್ತಪ್ಪ ಮೂಕಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, "ಇವತ್ತು ನೀವು ರಾಣಿ, ಆರಾಮಾಗಿ ಕೂತ್ಕಳಿ" ಎಂದು ಗಾಜು ಏರಿಸಿದ. ಯಶೋಧಾ ಓಡಿಸಿದಳು, ಮಾಸ್ತಪ್ಪ ಪಕ್ಕದಲ್ಲಿ ಕೂತು ಗೇರು ಹೇಳಿಕೊಟ್ಟ. ಘಾಟಿ ಇಳಿಯಲು ಶುರುವಾದದ್ದೇ ಮೂಕಮ್ಮನ ಬಾಯಲ್ಲಿ ನೀರೂರಿತು. ಒಂದು ತಿರುವಿಗೆ ಕಿವಿ ಗುಂಯ್‌ಗುಟ್ಟಿತು, ಇನ್ನೊಂದು ತಿರುವಿಗೆ ಬೆಳಗಿನ ಗಂಜಿ ಗಂಟಲಿಗೆ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು ನುಂಗಿದಳು.

"ಹೆಂಗಿದೆ ಬೀಗ್ತಿ ನಮ್ ಗಾಡಿ?"

"ಹ್ಞೂಂ" ಅಂದಳು, ಬಾಯಿ ತೆರೆಯದೆ.

ಮಾಸ್ತಪ್ಪನ ಮನೆಗೆ ಮರಳಿದಾಗ ಹೊಸನಗರದಿಂದ ಬಂದಿದ್ದ ಪತ್ರ ಬರೆಯುವವನು ಮಾರಾಟದ ಕರಾರು ಬರೆದಿಟ್ಟಿದ್ದ. ಮಾಸ್ತಪ್ಪ ಗೀಚಿ ಸಹಿ ಹಾಕಿದ. ಪೆನ್ನು ಮೂಕಮ್ಮನ ಕೈಗೆ ಬಂತು. ಹೆಸರು ಬರೆಯುವಷ್ಟು ಅಕ್ಷರ ಅವಳಿಗೆ ಬರುತ್ತಿತ್ತು. ಆದರೆ ಆ ಸೀಟಿನಲ್ಲಿ ವಾರ ವಾರ ಕೂರಬೇಕು ಎಂದು ನೆನೆದವಳ ಪೆನ್ನು ಕಾಗದಕ್ಕೆ ತಾಗಲಿಲ್ಲ. ಕಾರು ತನಗೆ ಆಗುವುದಿಲ್ಲ ಅಂದರೆ ಊರು ನಗುತ್ತದೆ. ಅಷ್ಟು ಹೇಳಿಕೊಂಡು ತಿರುಗಿದವಳು ಕೂತ ಕೂಡಲೇ ವಾಂತಿ ಮಾಡಿಕೊಂಡಳಂತೆ ಅನ್ನುತ್ತದೆ.

"ನಮ್ಮೂರ ಚೌಡಮ್ಮನ ಹತ್ರ ಒಂದು ಮಾತು ಕೇಳ್ಬೇಕು" ಎಂದು ಪೆನ್ನು ಕೆಳಗಿಟ್ಟಳು.

ಅದಕ್ಕೆ ಯಾರೂ ಎದುರಾಡಲಿಲ್ಲ. ಮನೆ ಕಟ್ಟಲಿ, ಹೆಣ್ಣು ತರಲಿ, ಅವರ ಕಡೆ ದೇವಿಯ ಎರಡೂ ಬದಿಗೆ ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳು ಏರಿಸಿ ಪ್ರಸಾದ ಕೇಳುವುದು ಇದ್ದದ್ದೇ. ಬಲಗಡೆಯ ಎಸಳು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಮಾಸ್ತಪ್ಪನೇ ಕೈ ಮುಗಿದು, "ಕೇಳ್ಕಂಡೇ ಬನ್ನಿ, ಅದು ಸರಿ" ಅಂದ.

ಮೂಕಮ್ಮ ಗುಡಿಗೆ ಹೋಗಲಿಲ್ಲ. ಹೋದರೆ, ಹೂವು ಬಲಕ್ಕೆ ಬಿದ್ದರೆ ಏನು ಮಾಡುವುದು? ಮರುದಿನ ಸೊಸೆಯ ಫೋನು ಇಸಿದುಕೊಂಡು, "ಎಡಕ್ಕಾಯ್ತು ಬೀಗ್ತಿ, ಎಂತ ಮಾಡೋದು" ಅಂದಳು. ಕನ್ನಮ್ಮ, "ದೇವಿ ಬೇಡ ಅಂದ್ಮೇಲೆ ಮುಗೀತು" ಅಂದಳು. ಯಶೋಧಾ ಲೈಸನ್ಸನ್ನು ಗೋದ್ರೇಜ್ ಬೀರುವಿನೊಳಗೆ ಇಟ್ಟುಬಿಟ್ಟಳು. ಮೂಕಮ್ಮ ಮತ್ತೆ ಬಸ್ಸಿನ ಬಾಗಿಲಲ್ಲಿ ನಿಂತಳು. ಇಷ್ಟಕ್ಕೆ ಮುಗಿಯಿತು ಅಂದುಕೊಂಡಳು.

ಮಳೆಗಾಲ ಕಳೆದು ಒಂದು ದಿನ, ಇಬ್ಬರೂ ಮಿಡಿಯ ಭರಣಿ ಒರೆಸುತ್ತ ಕೂತಿದ್ದಾಗ ಯಶೋಧಾ ಹೇಳಿದಳು.

"ಅತ್ತೆ, ಚಿಕ್ಕಪ್ಪನ ಕಾರನ್ನ ಯಾರೂ ಮುಟ್ತಿಲ್ವಂತೆ. ದೇವಿ ಒಲ್ಲೆ ಅಂದ ಗಾಡಿ ಅಂತ ಸುದ್ದಿಯಾಗಿದೆ."

ಮೂಕಮ್ಮನ ಕೈ ಭರಣಿಯ ಮೇಲೇ ನಿಂತಿತು.

"ಗಾಡಿ ಹೋಗ್ದಿದ್ರೆ ಹೋಗ್ಲಿ. ಚಿಕ್ಕಪ್ಪ ಊಟ ಸರಿಯಾಗಿ ಮಾಡ್ತಿಲ್ವಂತೆ. ನನ್ ಗಾಡೀಲಿ ಎಂತ ತಪ್ಪಾಯ್ತು, ದೇವಿ ಯಾಕೆ ಬೇಡ ಅಂದ್ಲು ಅಂತ ಒಂದೊಂದೇ ಬಾಡಿಗೆ ನೆನಪು ಮಾಡ್ಕಂತಾ ಕೂರ್ತಾರಂತೆ. ಹಿಂದೆ ಮೇಳಿಗೆ ಕಡೆಗೆ ಕೊಟ್ಟ ಹೆಣ್ಣೊಬ್ಳು ಹೆರಿಗೆಗೆ ತವರಿಗೆ ಬಂದಿದ್ಲಂತೆ. ಚಿಕ್ಕಪ್ಪ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದಾಗ ಮಗು ದಾರೀಲೇ ಹೋಯ್ತಂತೆ. ನಾ ಇನ್ನೂ ಜೋರಾಗಿ ಓಡಿಸ್ಬೇಕಿತ್ತು, ಅದೇ ಪಾಪ ಅಂತಾರಂತೆ. ಈ ಶುಕ್ರವಾರ ಆ ಹೆಣ್ಣಿನ ಮನೆಗೆ ಹೋಗಿ ಕಾಲು ಹಿಡೀತಾರಂತೆ."

ಮೂಕಮ್ಮ ಎದ್ದಳು. ಕೈಯ ಉಪ್ಪು ತೊಳೆಯಲಿಲ್ಲ.

"ಸೀರೆ ಬದಲ್ಸು. ಹುಲಿಕಲ್ಲಿಗೆ ಹೋಗೋಣ."

ಸಾಗರದಿಂದ ಹೊಸನಗರ, ಅಲ್ಲಿಂದ ನಗರವೆಂಬ ಊರಿನ ಮೇಲೆ ಹಾದು ಹುಲಿಕಲ್. ದಾರಿಯುದ್ದಕ್ಕೂ ಸೊಸೆ ಯಾಕೆಂದು ಕೇಳಿದಳು, ಅತ್ತೆ ಬಾಗಿಲ ಕಂಬಿ ಹಿಡಿದು ಹೊರಗೇ ನೋಡುತ್ತಿದ್ದಳು. ಹುಲಿಕಲ್ಲಿನ ಅಂಗಳದಲ್ಲಿ ಕಾರು ನಿಂತಿತ್ತು. ಗಾಜಿನ ಮೇಲೆ ಧೂಳು ಕೂತಿತ್ತು. ಮಾಸ್ತಪ್ಪ ಅದನ್ನು ಒರೆಸುವುದನ್ನೇ ಬಿಟ್ಟಿದ್ದ.

ಕನ್ನಮ್ಮ ಬೆಲ್ಲ ನೀರು ತಂದಿಟ್ಟಳು. ಮೂಕಮ್ಮ ಮುಟ್ಟಲಿಲ್ಲ.

"ಅಣ್ಣಾ, ನಾ ಪ್ರಸಾದ ಕೇಳೇ ಇಲ್ಲ. ಗುಡಿ ಮೆಟ್ಲೇ ಹತ್ತಿಲ್ಲ. ನಿಮ್ ಕಾರಲ್ಲಿ ನಂಗೆ ವಾಂತಿ ಬಂತು. ಹೇಳೋಕೆ ನಾಚಿಕೆಯಾಗಿ ದೇವಿ ಹೆಸ್ರು ಹೇಳ್ದೆ."

ಯಶೋಧಾ ಅತ್ತೆಯ ಮುಖವನ್ನೇ ನೋಡಿದಳು. ಮಾಸ್ತಪ್ಪ ಮಂಜುಗಣ್ಣನ್ನು ಕಿರಿದು ಮಾಡಿ ದನಿ ಬಂದ ಕಡೆ ತಿರುಗಿದ.

"ಯಾವ ತಿರುವಲ್ಲಿ?"

"ದೊಡ್ಡ ಬಂಡೆ ದಾಟಿದ್ಮೇಲೆ."

"ಅಲ್ಲಿ ಎಲ್ರಿಗೂ ಬತ್ತದೆ ಮಾರಾಯ್ತಿ. ಒಂದು ಮಾತು ಹೇಳಿದ್ರೆ ಮುಂದೆ ಕೂರಿಸ್ತಿದ್ದೆ, ಗಾಜು ಇಳಿಸ್ತಿದ್ದೆ." ಅಷ್ಟು ಹೇಳಿ ಕಾರಿನ ಕಡೆ ತಿರುಗಿದ. "ಹಂಗಾರೆ ಆ ಮಗು..." ಎಂದು ನಿಲ್ಲಿಸಿದ. ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದ.

ಕನ್ನಮ್ಮ ಕರಗಲಿಲ್ಲ.

"ನಮಗೆ ಹೇಳಿದ್ರಿ, ಆಯ್ತು. ಊರಿಗ್ಯಾರು ಹೇಳ್ತಾರೆ?"

ಮೂಕಮ್ಮ ತಲೆ ತಗ್ಗಿಸಿ ಅವಳ ಹಿಂದೆ ನಡೆದಳು. ಮಾರಪ್ಪನ ಚಾ ಅಂಗಡಿಯಲ್ಲಿ ನಾಲ್ಕಾರು ಗಂಡಸರು ಕೂತಿದ್ದರು. ಅವರ ಎದುರು ನಿಂತು, ಅದೇ ಮಾತನ್ನು ಮೊದಲಿಂದ ಕೊನೆಯ ತನಕ ಹೇಳಿದಳು. ಒಂದು ಅಕ್ಷರ ಬಿಡಲಿಲ್ಲ. ಮಾರಪ್ಪ ಲೋಟ ತೊಳೆಯುತ್ತಲೇ, "ಹಂಗಾರೆ ಚೌಡಮ್ಮಂಗಲ್ಲ, ತುಮರಿ ಅಮ್ಮಂಗೆ ತಲೆ ತಿರುಗಿದ್ದು!" ಅಂದ. ಅಂಗಡಿಯೆಲ್ಲ ನಕ್ಕಿತು. ಯಾವ ನಗೆಗೆ ಹೆದರಿ ಸುಳ್ಳು ಹೇಳಿದ್ದಳೋ ಅದೇ ನಗೆ. ಅವಳು ಅದು ನಿಲ್ಲುವ ತನಕ ನಿಂತಿದ್ದಳು.

ಮತ್ತೆ ಮನೆಗೆ ಬಂದು ಹೊರಡುವಾಗ, "ಕಾರು ನಾವೇ ತಗೋತೀವಿ" ಎಂದು ಮೆಲ್ಲಗೆ ಅಂದು ನೋಡಿದಳು. ಒಳಗಿನಿಂದ ಮಾಸ್ತಪ್ಪನ ದನಿ ಬಂತು: "ಬೇಡ ಬೀಗ್ತಿ. ಈಗ ನಿಮಗೆ ಕೊಡೋಕೆ ನನ್ ಮನ್ಸಿಲ್ಲ." ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೂಕಮ್ಮನಿಗೆ ಹಗುರಾಗುತ್ತಿತ್ತು.

ಬಸ್ಸಿನಲ್ಲಿ ಯಶೋಧಾ ಅತ್ತೆಯ ಕಡೆ ತಿರುಗಿದಳು. "ನಂಗಾದ್ರೂ ಹೇಳ್ಬಹುದಿತ್ತಲ್ಲ ಅತ್ತೆ. ನಾ ನಗ್ತಿದ್ನಾ?"

ದೀಪಾವಳಿಯ ಹೊತ್ತಿಗೆ ಕಾರು ಹೋಯಿತು ಎಂದು ಕನ್ನಮ್ಮನ ಫೋನು ಬಂತು. ತೀರ್ಥಹಳ್ಳಿಯವರು ಯಾರೋ ತಗೊಂಡರಂತೆ. "ಅವ್ರೂ ಪ್ರಸಾದ ಕೇಳಿದ್ರು ಬೀಗ್ತಿ, ಖರೇನೇ ಕೇಳಿದ್ರು. ಬಲಕ್ಕಾಯ್ತಂತೆ" ಅಂದಳು. ಮೂಕಮ್ಮ "ಒಳ್ಳೇದಾಯ್ತು" ಅಂದಳು. ಫೋನನ್ನು ಸೊಸೆಗೆ ಕೊಟ್ಟಳು.

ಮಾರನೆಯ ದಿನ ಸಾಗರದ ಬಸ್ಸು ಬಂದಾಗ, ದೊಡ್ಡ ಭರಣಿ ಎತ್ತಲು ಬಗ್ಗಿದ ಯಶೋಧಾಳ ಕೈ ಸರಿಸಿ ಅವಳೇ ಎತ್ತಿಕೊಂಡಳು. ಸೊಸೆಯನ್ನು ಕಿಟಕಿಯ ಸೀಟಿನಲ್ಲಿ ಕೂರಿಸಿದಳು. ಬಾಗಿಲಲ್ಲಿ ನಿಂತಿದ್ದ ಮೂಕಮ್ಮನಿಗೆ ಕಂಡಕ್ಟರ್, "ಸೀಟು ಖಾಲಿ ಇದ್ಯಲ್ಲ ಅಮ್ಮ, ಕೂತ್ಕಳಿ" ಅಂದ.

"ಕೂತ್ರೆ ನಂಗೆ ವಾಂತಿ ಬತ್ತದೆ" ಎಂದಳು, ಬಸ್ಸಿಗೆಲ್ಲ ಕೇಳುವ ಹಾಗೆ.