ದಮ್ ಹಿಡಿಯದ ಯಂತ್ರ

ರಾಯಚೂರಿನ ನನ್ನ ಸಣ್ಣ ವರ್ಕ್‌ಶಾಪಿನಲ್ಲಿ ಪಂಪ್‌ಸೆಟ್ಟನ್ನು ಮೊಬೈಲ್‌ನಿಂದ ನಡೆಸುವ ಬೋರ್ಡುಗಳನ್ನು ಮಾಡುತ್ತೇವೆ. ಹೆಚ್ಚಿನವು ಮಾನ್ವಿ, ಸಿರವಾರದ ಗದ್ದೆಗಳಿಗೆ ಹೋಗುತ್ತವೆ. ಕಳಿಸುವ ಮುಂಚೆ ಒಂದೊಂದನ್ನೂ ಪರೀಕ್ಷಿಸಲು ನಾನೇ ಒಂದು ಯಂತ್ರ ಕಟ್ಟಿದ್ದೆ. ಅದು ಬೋರ್ಡಿನ ಕರೆಂಟ್ ತೆಗೆದು, ಮತ್ತೆ ಕೊಟ್ಟು, ಒಳಗಿನ ಪ್ರೋಗ್ರಾಂ ಸರಿಯಾಗಿ ಎದ್ದಿತೇ ಎಂದು ನೋಡಿ, ಪಾಸು ಫೇಲು ತಾನೇ ಬರೆಯುತ್ತಿತ್ತು. ಮನುಷ್ಯರಿಗೆ ಮುಲಾಜು ಇರುತ್ತದೆ, ಯಂತ್ರಕ್ಕಿಲ್ಲ ಎಂದು ಬಂದವರೆದುರು ಜಂಬ ಕೊಚ್ಚುತ್ತಿದ್ದೆ.

ಬೆಸುಗೆ ಹಾಕುತ್ತಿದ್ದಾಕೆ ದೇವದುರ್ಗ ಕಡೆಯ ಹೆಣ್ಣುಮಗಳು. ಕೂಲಿ ಬಿಟ್ಟು ಬೇರೆ ಕೆಲಸಕ್ಕೆ ಕೂತವರಲ್ಲಿ ಅವರ ಮನೆಗೆ ಆಕೆಯೇ ಮೊದಲು. ಹತ್ತು ಬೋರ್ಡಿನಲ್ಲಿ ಒಂದೆರಡು ಫೇಲಾಗತೊಡಗಿದವು. ಅವನ್ನೇ ಮತ್ತೆ ಇಟ್ಟರೆ ಪಾಸು. ಬೆಸುಗೆ ಸಡಿಲ ಎಂದು ತೀರ್ಮಾನಿಸಿ, ಬಿಚ್ಚಿಸಿ ಮತ್ತೆ ಹಾಕಿಸಿದೆ. "ಒಮ್ಮೆ ಮಷೀನ್ ನೋಡ್ರಿ ಸರ್," ಎಂದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಕುಣಿಲಾರದಾಕಿ ನೆಲ ಡೊಂಕ ಅಂದಿದ್ಳಂತ," ಎಂದುಬಿಟ್ಟೆ. ಈ ವಾರವೂ ಹೀಗೇ ಆದರೆ ಕೆಲಸ ಬಿಡಬೇಕಾಗುತ್ತದೆ ಎಂದೂ ಹೇಳಿದೆ.

ಶುಕ್ರವಾರ ಆಕೆ ಯಂತ್ರದ ಮುಂದೆ ಬಹಳ ಹೊತ್ತು ನಿಂತಿದ್ದಳು.

"ಸರ್, ಇದು ಒಂಚೂರೂ ದಮ್ ಹಿಡಿಯಂಗಿಲ್ರಿ. ಕರೆಂಟ್ ತಗದ ಕೂಡ್ಲೇ ಕೊಡ್ತದ. ನಮ್ಮೂರಾಗ ಕರೆಂಟ್ ಹೋಗಿ ಬಂದ್ರ ಯಾರೂ ಕೂಡ್ಲೇ ಮೋಟರ್ ಚಾಲೂ ಮಾಡಂಗಿಲ್ಲ. ದಮ್ ಹಿಡಿ ಅಂತಾರ."

ದಮ್ ಹಿಡಿ ಎಂದರೆ ನಮ್ಮಲ್ಲಿ ಸ್ವಲ್ಪ ತಾಳು ಎಂದು. ಮೀಟರ್ ಇಟ್ಟು ನೋಡಿದೆ. ಕರೆಂಟ್ ತೆಗೆದ ಮೇಲೂ ಕರೆಂಟ್ ಹಿಡಿದಿಡುವ ಬೋರ್ಡಿನ ಕೆಪ್ಯಾಸಿಟರ್‌ನಲ್ಲಿ ಒಂದಿಷ್ಟು ಉಳಿದಿರುತ್ತಿತ್ತು; ಅದು ಖಾಲಿಯಾಗುವ ಮುಂಚೆಯೇ ಯಂತ್ರ ಮತ್ತೆ ಕರೆಂಟ್ ಕೊಡುತ್ತಿತ್ತು. ಅರೆನಿದ್ದೆಯಲ್ಲಿದ್ದವರನ್ನು ಎಬ್ಬಿಸಿ ಪ್ರಶ್ನೆ ಕೇಳಿದಂತೆ ಬೋರ್ಡು ತೊದಲುತ್ತಿತ್ತು. ಹೊಲದ ಮೋಟರ್ ಸ್ಟಾರ್ಟರಿನಲ್ಲಿ ಕರೆಂಟನ್ನು ಸ್ವಲ್ಪ ತಡೆದು ಕೊಡುವ ಟೈಮರ್ ಇದೆ. ಇಲ್ಲದ್ದು ನನ್ನ ಯಂತ್ರದಲ್ಲೇ. ವೋಲ್ಟೇಜು ಸೊನ್ನೆಗಿಳಿದದ್ದನ್ನು ಅಳೆದ ಮೇಲೆಯೇ ಮತ್ತೆ ಕರೆಂಟ್ ಕೊಡುವಂತೆ ತಿದ್ದಿದೆ. ಫೇಲಾಗಿ ಇನ್ನೂ ಬಿಚ್ಚದೆ ಉಳಿದಿದ್ದ ಬೋರ್ಡುಗಳನ್ನು ಸಂಜೆಯವರೆಗೂ ಓಡಿಸಿದೆ. ಒಂದೂ ಫೇಲಾಗಲಿಲ್ಲ.

ನನಗೆ ನಾಚಿಕೆಯಾಯಿತು. ಆಕೆಯ ಮೇಜಿಗೆ ಹೋಗಿ, "ತಪ್ಪು ನಂದವ್ವ. ನಿನ್ನ ಬೆಸುಗಿ ಸರಿ ಇದ್ವು. ಕೆಲಸದ ಚಿಂತಿ ಬಿಡು," ಎಂದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಆಕೆ ಕೈಯಲ್ಲಿದ್ದ ಬೋರ್ಡನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು.

"ಹಂಗಾದ್ರ ಇಷ್ಟು ದಿನ ನಾ ಬಿಚ್ಚಿದ್ದೆಲ್ಲ ಸರಿ ಇದ್ದದ್ದೇ ಏನ್ರಿ?"

ಹೌದು ಎಂದೆ.

"ಮೊದ್ಲು ಮಷೀನ್ ಮ್ಯಾಲೆ ಅನುಮಾನ ಇತ್ತು ಸರ್," ಎಂದಳು. "ಆಮ್ಯಾಲೆ ನನ್ನ ಕೈಯೇ ಕೆಟ್ಟದ ಅಂತ ನಾನೂ ನಂಬಿಬಿಟ್ಟಿದ್ದೆ."